ತೂಕ ಹಾಕಿ ತಂದ ಕಂಪ್ಯೂಟರು

ಅಕ್ಕಸಾಲಿಗನ ಎದುರು ಕಣ್ಣು ಮಿಟುಕಿಸದೆ ಕೂರುವುದನ್ನು ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ರಂಗೋಲಿಗಿಂತ ಮೊದಲು ಕಲಿಸುತ್ತಿದ್ದರು. ಚಿನ್ನ ಕೊಡುವ ಮುಂಚೆ ತೂಗಬೇಕು, ಕರಗಿಸುವಾಗ ಎದುರಿಗಿರಬೇಕು, ಅವನು ಕೆಮ್ಮಿದರೂ ಕೈ ಎಲ್ಲಿಗೆ ಹೋಯಿತೆಂದು ನೋಡಬೇಕು, ಒಡವೆ ಮುಗಿದ ಮೇಲೆ ಮತ್ತೆ ತೂಗಬೇಕು. ನಮ್ಮಜ್ಜಿ, ಅಪ್ಪನ ತಾಯಿ ಬೆಟ್ಟಮ್ಮನದು ಇದರಲ್ಲಿ ಎತ್ತಿದ ಕೈ. ಅಮ್ಮನ ಮದುವೆಗೆ ಕತ್ತಿನ ಅಡ್ಡಿಕೆ ಮಾಡಿಸಿದಾಗ ಮೂರು ದಿನ ಜಗಲಿ ಬಿಟ್ಟು ಏಳಲಿಲ್ಲವಂತೆ, ಊಟವನ್ನೂ ಅಲ್ಲಿಗೇ ತರಿಸಿಕೊಂಡಳಂತೆ. ಎದುರಿಗೆ ಕೂತು ಕೆಲಸ ಮಾಡುವ ಮನುಷ್ಯನಿಗೆ ಇದರಿಂದ ಏನನ್ನಿಸುತ್ತದೆ ಎಂದು ಯಾರೂ ಕೇಳಿದ್ದಿಲ್ಲ.

ಆ ಮನುಷ್ಯ ಚಂದ್ರಶೇಖರಾಚಾರಿ. ಅವರ ಮನೆ ಕೆ.ಆರ್. ಪೇಟೆಯಲ್ಲಿ, ನಮ್ಮದು ಸಿಂಧಘಟ್ಟದಲ್ಲಿ. ಅವರ ತಾತನ ಕಾಲದಿಂದ ನಮ್ಮ ಮನೆಯ ಚಿನ್ನವೆಲ್ಲ ಅವರ ಮನೆಯವರ ಕೈಯಲ್ಲೇ ಆದದ್ದು. ನಮ್ಮಂಥ ಹದಿಮೂರು ಮನೆಗಳು ಸುತ್ತಲ ಹಳ್ಳಿಗಳಲ್ಲಿ ಅವರಿಗಿದ್ದವು. ಅಕ್ಕಸಾಲಿಗರ ಮೇಲೆ ಜನ ಕಟ್ಟಿರುವ ಗಾದೆ ಎಲ್ಲರಿಗೂ ಗೊತ್ತು, ನಾನು ಅದನ್ನಿಲ್ಲಿ ಹೇಳುವುದಿಲ್ಲ. ಆದರೆ ಈ ಆಚಾರಿಯ ಬೆನ್ನ ಹಿಂದೆಯೂ ಯಾರೂ ಅದನ್ನು ಹೇಳಿರಲಿಲ್ಲ. ಹೊಲವಿಲ್ಲ, ಗದ್ದೆಯಿಲ್ಲ, ಇದ್ದದ್ದು ಬಾಡಿಗೆ ಮನೆ. ‘ಚಂದ್ರಶೇಖರಾಚಾರಿ ಗುಲಗಂಜಿ ತೂಕವೂ ಮುಟ್ಟಲ್ಲ’ ಎಂಬ ಹೆಸರೊಂದೇ ಅವರು ಅನ್ನ ತಿನ್ನುತ್ತಿದ್ದ ದಾರಿ. ನಮ್ಮ ಮನೆಯಲ್ಲಿ ಅವರಿಗೆ ಏಕವಚನ. ನಾನು ಇಲ್ಲಿ ಬಹುವಚನ ಹಾಕುತ್ತಿದ್ದೇನೆ, ಈಗ ಹಾಕಿ ಅವರಿಗೆ ಬಂದದ್ದೇನೂ ಇಲ್ಲ.

ತೊಂಬತ್ತರ ದಶಕ ಅರ್ಧ ಕಳೆಯುವಷ್ಟರಲ್ಲಿ ಜನ ಮೈಸೂರಿಗೆ ಹೋಗಿ ಗಾಜಿನ ಹಿಂದಿನ ಸಿದ್ಧ ಒಡವೆ ಕೊಳ್ಳಲು ಶುರುಮಾಡಿದರು. ಆಚಾರಿಯ ಬೆಸುಗೆಯ ಕೈಗೆ ಕೆಲಸ ಕಡಿಮೆಯಾಯಿತು. ರೇಡಿಯೊ ರಿಪೇರಿ ಮಾಡಿದರು, ಟೀವಿ ಮಾಡಿದರು. ಪಾಂಡವಪುರದಲ್ಲಿ ಟೈಪಿಂಗ್ ಕಲಿಸುತ್ತಿದ್ದವನೊಬ್ಬ ಕಂಪ್ಯೂಟರು ತರಿಸಿ, ಅದು ಕೆಟ್ಟು ಕೂತಾಗ ಇವರನ್ನು ಕರೆದ. ಅದನ್ನು ಬಿಚ್ಚಿ ಜೋಡಿಸುತ್ತ ಕಲಿತರು. ನಲವತ್ತೈದನೆಯ ವಯಸ್ಸಿನಲ್ಲಿ ಇಂಗ್ಲಿಷಿನ ಒಂದೊಂದೇ ಅಕ್ಷರ ಕೂಡಿಸಿಕೊಂಡು ಬೋರ್ಡಿನ ಜೊತೆ ಬರುವ ಪುಸ್ತಕ ಓದುತ್ತಿದ್ದರು. ತೊಂಬತ್ತೆಂಟರ ಹೊತ್ತಿಗೆ ಮೂರು ಕಂಪ್ಯೂಟರು ಜೋಡಿಸಿಕೊಟ್ಟಿದ್ದರು, ಮೂರೂ ಓಡುತ್ತಿದ್ದವು.

ಆ ವರ್ಷ ನಮ್ಮಣ್ಣ ಸಂತೋಷನಿಗೆ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಅವನು ನಾಗಮಂಗಲದ ಕಡೆ ಕಾಲೇಜಿನಲ್ಲಿ ಎರಡು ವರ್ಷದಿಂದ ಒಂದೇ ತರಗತಿಯಲ್ಲಿದ್ದ. ಮೈಸೂರಿನ ಗೆಳೆಯನ ಮನೆಯಲ್ಲಿ ಕಾರು ಓಡಿಸುವ ಆಟ, ಬಂದೂಕಿನ ಆಟ ನೋಡಿ ಬಂದವನು ಊಟ ಬಿಟ್ಟ. ಅವನು ಊಟ ಬಿಟ್ಟರೆ ನಮ್ಮ ಮನೆಯಲ್ಲಿ ಒಲೆಯೇ ಉರಿಯುವುದಿಲ್ಲ, ಅಂಥ ಮುದ್ದು. ಅಪ್ಪ ಕೆಂಪಣ್ಣ, ಪಾಂಡವಪುರದ ಕಾರ್ಖಾನೆಗೆ ಕಬ್ಬು ಹೊಡೆಯುವ ದೊಡ್ಡ ಹಿಡುವಳಿದಾರ, ನಾಲ್ಕನೆಯ ದಿನಕ್ಕೆ ಸೋತ. ನಾನು ಆಗ ಪಿಯುಸಿ ಎರಡನೆಯ ವರ್ಷ. ಮೈಸೂರಿನಲ್ಲಿ ಕಂಪ್ಯೂಟರ್ ಡಿಗ್ರಿ ಓದಬೇಕೆಂದು ನನಗೆ ಆಸೆ. ಹುಡುಗಿಯನ್ನು ಅಷ್ಟು ದೂರ ಕಳಿಸುವುದೇ ಎಂದು ಅಪ್ಪ ಗೊಣಗುತ್ತಿದ್ದ. ‘ಮೊದ್ಲು ಮಿಸಿನ್ನು ಮನೇಗ್ ಬರ್ಲಿ, ಅದೇನ್ ಅಂತ ನೋಡಾಣ, ಆಮೇಕೆ ನಿನ್ ಇಚಾರ’ ಅಂದಿದ್ದ. ಹಾಗಾಗಿ ಆ ಮಿಷನ್ನು ಚೆನ್ನಾಗಿ ಓಡಲೆಂದು ಸಂತೋಷನಿಗಿಂತ ನಾನೇ ಹೆಚ್ಚು ಹರಕೆ ಹೊತ್ತಿದ್ದೆ.

ಆಚಾರಿಯನ್ನು ಕರೆಸಿದರು. ಅವರು ಹಾಲು, ಬಾಳೆಹಣ್ಣು ಬಿಟ್ಟರೆ ನಮ್ಮ ಮನೆಯಲ್ಲಿ ಏನನ್ನೂ ಮುಟ್ಟುತ್ತಿರಲಿಲ್ಲ. ಜಗಲಿಯಲ್ಲಿ ಕೂತು, ಪುಸ್ತಕ ಬಿಚ್ಚಿ, ಪಟ್ಟಿ ಬರೆಯಲು ಎರಡು ದಿನ ತೆಗೆದುಕೊಂಡರು. ಆಟಕ್ಕೆ ಬೇಕಾದ ಕಂಪ್ಯೂಟರು ಬೇರೆ, ಟೈಪಿಂಗಿಗೆ ಬೇಕಾದದ್ದು ಬೇರೆ ಎಂದರು. ಚಿತ್ರ ಬೇಗ ಬೇಗ ಬರೆಯುವ ಒಂದು ಕಾರ್ಡು ಬೇಕು, ಆ ಕಾರ್ಡು ಕೂರುವ ಸಂದು ಬೋರ್ಡಿನಲ್ಲಿರಬೇಕು. ಲೆಕ್ಕ ಮಾಡುವ ಪ್ರೊಸೆಸರು ಬೋರ್ಡಿನ ಬಾಯಿಗೆ ಒಪ್ಪಬೇಕು. ನೆನಪಿನ ಕಡ್ಡಿಗಳ ಕಚ್ಚು ಬೋರ್ಡಿನ ಕಚ್ಚಿಗೆ ಸೇರಬೇಕು. ಕರೆಂಟು ಕೊಡುವ ಡಬ್ಬಿ ಇಷ್ಟನ್ನೂ ತಡೆದುಕೊಳ್ಳಬೇಕು. ನಾನು ಪಕ್ಕದಲ್ಲಿ ಕೂತು ಇಂಗ್ಲಿಷ್ ಓದಿ ಹೇಳುತ್ತಿದ್ದೆ, ಅವರು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು.

“ನೋಡಿ ಅಮ್ಮಣ್ಣಿ,” ಅಂದರು ಒಮ್ಮೆ, “ಓಲೆಗೊಂದು ತಿರುಪು ಇರ್ತದಲ್ಲ, ಆ ಓಲೆಗೆ ಅದೇ ತಿರುಪು. ಇನ್ನೊಂದ್ ಓಲೆದು ಎಷ್ಟೇ ಚೆಂದಾಗಿದ್ರೂ ಕಿವೀಲಿ ನಿಲ್ಲಾಕಿಲ್ಲ. ಇದೂ ಅಂಗೇಯಾ. ದೊಡ್ದು ಸಣ್ದು ಅಂತ ಇಲ್ಲ, ಜೋಡಿ ಕೂಡ್ಬೇಕು ಅಷ್ಟೇಯಾ.”

ಪಟ್ಟಿ ಹಿಡಿದುಕೊಂಡು ಬೆಂಗಳೂರಿಗೆ ಹೋದವನು ಅಪ್ಪ. ಆಚಾರಿಯನ್ನು ಕರೆದುಕೊಂಡು ಹೋಗಲಿಲ್ಲ. ಕಮಿಷನ್ ಹೊಡೀತಾನೆ ಅಂದಳು ಅಜ್ಜಿ. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಬೋರ್ಡು ಪಟ್ಟಿಯಂತೆಯೇ ತೆಗೆದುಕೊಂಡ. ಪ್ರೊಸೆಸರು ಬಂದಾಗ ತಡೆದ. ಪಟ್ಟಿಯಲ್ಲಿದ್ದದ್ದು ಒಂದು ಬಿಸ್ಕತ್ತಿನಷ್ಟಿತ್ತು. ಪಕ್ಕದ ಕಪಾಟಿನಲ್ಲಿ ಪೆಂಟಿಯಂ ಟೂ ಇತ್ತು, ಕಪ್ಪಗೆ, ಇಟ್ಟಿಗೆಯಂತೆ, ಮೈಮೇಲೆ ಒಂದು ಫ್ಯಾನು. ಎರಡನ್ನೂ ಎರಡು ಕೈಯಲ್ಲಿ ಎತ್ತಿ ನೋಡಿದನಂತೆ. ಎತ್ತು ಕೊಳ್ಳುವಾಗಲೂ, ಬೆಲ್ಲ ಕೊಳ್ಳುವಾಗಲೂ, ಚಿನ್ನ ಕೊಳ್ಳುವಾಗಲೂ ಅಪ್ಪನಿಗೆ ಇದ್ದದ್ದು ಇದೊಂದೇ ಪರೀಕ್ಷೆ.

“ಅಷ್ಟು ದೂರ ಓಗಿ ಬಿಸ್ಕತ್ ತರ್ಲಾ?” ಅಂದ ಮನೆಗೆ ಬಂದು. “ಅಂಗ್ಡೀಲಿ ಯಾವ್ದು ತೂಕವಾಗಿತ್ತೋ ಅದ್ನೇ ಎತ್ಕಂಬಂದೆ. ಆ ಆಚಾರಿ ನಮ್ಗೆ ಸಣ್ಣದ್ರಲ್ಲೇ ಮುಗುಸ್ಬುಡಾಣ ಅಂತಿದ್ದ.” ಅದರ ಬೆಲೆ ಹೆಚ್ಚಾದ್ದರಿಂದ, ಆಟದ ಕಾರ್ಡನ್ನು ‘ಇದ್ಯಾಕೆ ದಂಡ’ ಎಂದು ಬಿಟ್ಟು ಬಂದಿದ್ದ.

ಮಾರನೆಯ ಬೆಳಿಗ್ಗೆ ಸಾಮಾನೆಲ್ಲ ಜಗಲಿಯ ಮೇಲೆ ಹರವಿದರು. ಅಜ್ಜಿ ಎಂದಿನ ಜಾಗದಲ್ಲಿ, ಕಂಬಕ್ಕೆ ಒರಗಿ, ಎಲೆಅಡಿಕೆ ಹಾಕಿಕೊಂಡು ಕೂತಳು. ನೆನಪಿನ ಕಡ್ಡಿಯ ಅಂಚು ಬಿಸಿಲಿಗೆ ಮಿನುಗಿತು.

“ಅದೇನ್ಲಾ ಆಚಾರಿ, ಪಳಪಳ ಅಂತದಲ್ಲ?”

“ಚಿನ್ನ ಕಣ್ರವ್ವ. ಅಪ್ಪಟ ಚಿನ್ನ. ಕಿಲುಬು ಕಟ್ಬಾರ್ದು ಅಂತ ತುದೀಗೆ ಚಿನ್ನದ ನೀರು ಕುಡ್ಸಿರ್ತಾರೆ,” ಎಂದರು ಆಚಾರಿ. ಅವರಿಗೆ ಅದು ಸಂತೋಷದ ವಿಷಯ, ತಮ್ಮ ಕಸುಬಿನ ನಂಟು ಇಲ್ಲೂ ಸಿಕ್ಕಿತಲ್ಲ ಎಂದು. ಅಜ್ಜಿಯ ಕಿವಿಗೆ ಬಿದ್ದದ್ದು ಮೊದಲನೆಯ ಮಾತು ಮಾತ್ರ. ಕೂಡಲೇ ಎದ್ದು ಕೂತಳು. ನಿನ್ನ ಚೀಲದಲ್ಲಿರೋ ಬೆಳ್ಳಿ ತೂಗುವ ತಕ್ಕಡಿ ತೆಗಿ ಅಂದಳು. ಹಳದಿ ಮಿನುಗುವ ಪ್ರತಿಯೊಂದು ಸಾಮಾನನ್ನೂ ಆಚಾರಿಯ ಕೈಯಿಂದಲೇ ತೂಗಿಸಿ, ಗೋಡೆಯ ಮೇಲೆ ನನ್ನಿಂದ ಇದ್ದಿಲಲ್ಲಿ ಬರೆಸಿದಳು. ಇಟ್ಟಿಗೆ ಒಂದೇ ಮೂವತ್ತು ತೊಲ ಬಂತು. ಆಚಾರಿ ನಗುತ್ತಲೇ ತೂಗಿದರು, ಅವರಿಗೆ ಅಭ್ಯಾಸ.

ಅಜ್ಜಿ ಸ್ನಾನಕ್ಕೆ ಎದ್ದಾಗ ಅವರು ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಇಟ್ಟಿಗೆಯನ್ನು ಕೈಗೆತ್ತಿಕೊಂಡರು. ಎತ್ತಿಕೊಂಡವರು ಹಾಗೇ ಕೂತರು. ಬೋರ್ಡಿನ ಬಾಯಿ ಚೌಕ, ನೂರಾರು ಸಣ್ಣ ತೂತು. ಇಟ್ಟಿಗೆಯ ಕಾಲು ಉದ್ದಕ್ಕೆ ಪಟ್ಟಿ. ಇವೆರಡೂ ಈ ಜನ್ಮದಲ್ಲಿ ಕೂಡುವುದಿಲ್ಲವೆಂದು ನನಗೂ ಕಾಣಿಸಿತು.

“ಗೌಡ್ರಿಗೆ ಏಳ್ಬೇಕು,” ಅಂದರು.

ಸಂತೋಷ ಹೌಹಾರಿದ. ಅಪ್ಪನಿಗೆ ‘ನೀನು ತಪ್ಪು ತಂದೆ’ ಎಂದು ಆಳುಕಾಳುಗಳ ಎದುರು ಹೇಳಿದವರು ಯಾರೂ ಇಲ್ಲ. ಹಿಂದೊಮ್ಮೆ ಪಂಪ್‌ಸೆಟ್ಟಿನ ವಿಷಯಕ್ಕೆ ಹಾಗೆ ಹೇಳಿದ ಮೆಕ್ಯಾನಿಕ್ಕಿನ ಕಣ್ಣೆದುರೇ ಹೊಸ ಮೋಟರನ್ನು ಬಾವಿಗೆ ತಳ್ಳಿದ್ದ. “ಆಚಾರ್ರೇ, ದಮ್ಮಯ್ಯ, ಏಳ್ಬ್ಯಾಡಿ. ಏಳುದ್ರೆ ಇಷ್ಟನ್ನೂ ತಿಪ್ಪೆಗೆ ಎಸ್ದುಬುಡ್ತಾರೆ. ನೀವೇ ಒಂದ್ ದಪ ಬೆಂಗ್ಳೂರ್ಗೆ ಓಗಿ ಬದ್ಲಾಯಿಸ್ಕಂಡ್ ಬಂದ್ಬುಡಿ. ಅಪ್ಪಂಗೆ ನಾನು ನಿದಾನ್ವಾಗಿ ಏಳ್ಕತೀನಿ.”

“ಗಿರಾಕಿ ಮಾಲ್ನ ಗಿರಾಕಿ ಕಣ್ಮುಂದಿಂದ ಎತ್ಕಂಡ್ ಓಗೋದು ನಮ್ ವಂಸ್ದಲ್ಲೇ ಇಲ್ಲ ಕಣಪ್ಪ.”

“ಮನೆ ಮಗ ನಾನೇ ಕೈಯಾರೆ ಕೊಡ್ತಾವ್ನಿ, ಇನ್ನೇನು? ಇಗಾ, ದಿವ್ಯಾನೇ ಸಾಕ್ಸಿ.”

ಆಚಾರಿ ನನ್ನ ಕಡೆ ನೋಡಿದರು. ನಾನು ‘ಹೂಂ, ಹೋಗಿ ಬನ್ನಿ’ ಅಂದೆ. ನನಗೆ ಮಿಷನ್ನು ಓಡಬೇಕಿತ್ತು. ಅವರಿಗೂ ಆ ಆಸೆ ಇತ್ತೆಂದು ಕಾಣುತ್ತದೆ; ಕೂಡದ ಜೋಡಿಯನ್ನು ಎದುರಿಗಿಟ್ಟುಕೊಂಡು ಸುಮ್ಮನೆ ಎದ್ದು ಹೋಗುವುದು ಆ ಕೈಗಳಿಗೆ ಆಗುತ್ತಿರಲಿಲ್ಲ. ಇಟ್ಟಿಗೆಯನ್ನು ಚೀಲದಲ್ಲಿಟ್ಟುಕೊಂಡು ಹೊರಟರು.

ಮೂರನೆಯ ದಿನ ಬಂದರು. ಪಟ್ಟಿಯಲ್ಲಿದ್ದ ಬಿಸ್ಕತ್ತಿನಷ್ಟು ಪ್ರೊಸೆಸರು ಚಿಪ್ಪು, ಅದರ ಫ್ಯಾನು, ಉಳಿದ ಬೆಲೆಗೆ ಅಪ್ಪ ಬಿಟ್ಟುಬಂದಿದ್ದ ಆಟದ ಕಾರ್ಡು, ಇನ್ನೊಂದು ನೆನಪಿನ ಕಡ್ಡಿ. ಏನು ಕೊಟ್ಟು ಏನು ತಂದರೆಂದು ಅಂಗಡಿಯವನು ಬರೆದು ಮೊಹರು ಒತ್ತಿದ ಚೀಟಿ. ಸಂತೋಷ ಕೇಬಲ್ ಬಿಡಿಸುವುದರಲ್ಲಿದ್ದ, ಚೀಟಿಯನ್ನು ಆಚಾರಿ ನನ್ನ ಕೈಗೆ ಕೊಟ್ಟರು. “ಜ್ವಾಪಾನ ಅಮ್ಮಣ್ಣಿ,” ಅಂದರು. ನಾನು ಅದನ್ನು ಕೆಮಿಸ್ಟ್ರಿ ಪುಸ್ತಕದಲ್ಲಿಟ್ಟೆ.

ಅಜ್ಜಿ ಎದುರು ಕೂತು ನೋಡುತ್ತಿದ್ದಂತೆಯೇ ಜೋಡಿಸಿದರು. ಯಾವುದು ಯಾವುದೆಂದು ಅವಳಿಗೇನು ಗೊತ್ತು, ಅವಳು ಕೈ ನೋಡುತ್ತಿದ್ದಳು. ಸಂಜೆಗೆ ಟೀವಿಯಂಥ ಪರದೆಯ ಮೇಲೆ ಬೆಳಕು ಬಂತು. ಸಂತೋಷ ಮೈಸೂರಿನಿಂದ ತಂದಿದ್ದ ಸೀಡಿ ಹಾಕಿದ. ಕೆಂಪು ಕಾರೊಂದು ನಮ್ಮ ನಡುಮನೆಯಲ್ಲಿ ಭರ್ರನೆ ಓಡಿತು. ಊರೇ ಕಿಟಕಿಗೆ ಮುತ್ತಿತು. ಅಪ್ಪ ಮೀಸೆ ತಿರುವಿ, “ತೂಕದ್ ಮಾಲು ಅಂದ್ರೆ ತೂಕದ್ ಮಾಲೇ ಕಣ್ರಲಾ,” ಅಂದ. ಆಚಾರಿ ಸಂತೋಷನ ಮುಖ ನೋಡಿದರು. ಸಂತೋಷ ಕಾರು ಓಡಿಸುತ್ತಿದ್ದ. ಅವನು ಅಪ್ಪನಿಗೆ ಆ ದಿನ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ.

ವಾರ ಬಿಟ್ಟು ಆಚಾರಿ ಕೂಲಿಗೆ ಬಂದರು. ಅಜ್ಜಿ, “ತೂಗಾಗಂಟ ಕೂಲಿ ಇಲ್ಲ,” ಅಂದಳು. ಒಡವೆಗೆ ನಡೆಯುವ ಪದ್ಧತಿ ಇದಕ್ಕೂ ನಡೆಯಬೇಕು. ಕಂಪ್ಯೂಟರಿನ ಡಬ್ಬಿ ಬಿಚ್ಚಿಸಿದಳು, ಹಳದಿಯದೆಲ್ಲ ಹೊರಗೆ ತೆಗೆಸಿದಳು, ತಕ್ಕಡಿ ಹಿಡಿಸಿದಳು. ಗೋಡೆಯ ಮೇಲಿನ ಇದ್ದಿಲ ಬರಹವನ್ನು ನನ್ನಿಂದಲೇ ಓದಿಸಿದಳು.

“ಅದ್ನಾಕು ತೊಲ ಕಮ್ಮಿ!” ಅಜ್ಜಿ ಎದೆಗೆ ಗುದ್ದಿಕೊಂಡಳು. “ಅದ್ನಾಕು ತೊಲ! ಗೋಡೇಲಿ ಮೂವತ್ ತೊಲದ್ದು ಐತೆ, ಎಲ್ಲೋತ್ಲಾ ಅದು?”

ಅಪ್ಪ ಹಟ್ಟಿಯಿಂದ ಬಂದ. ಆಚಾರಿ ಎದ್ದುನಿಂತು ಇದ್ದದ್ದನ್ನು ಇದ್ದಂತೆ ಹೇಳಿದರು. ಜೋಡಿ ಕೂಡಲಿಲ್ಲ, ಬದಲಾಯಿಸಿದೆ, ಬಂದದ್ದೆಲ್ಲ ಇಲ್ಲೇ ಇದೆ ಎಂದರು. “ಸಂತೋಸಪ್ಪನೇ ಕೊಟ್ಟು ಕಳ್ಸುದ್ದು ಗೌಡ್ರೇ, ಕೇಳಿ ಬೇಕಾದ್ರೆ.”

ಅಪ್ಪ ಮಗನ ಕಡೆ ತಿರುಗಿದ. ನಮ್ಮಣ್ಣನ ಮುಖ ಆಗ ಹೇಗಿತ್ತೆಂದರೆ, ಹೇಳಿಬಿಡುತ್ತಾನೆ ಅಂದುಕೊಂಡೆ. ಅಪ್ಪನ ಕೈಯಲ್ಲಿ ಎತ್ತಿನ ಹಗ್ಗವಿತ್ತು. ಸಂತೋಷ ಅದನ್ನು ನೋಡಿದ.

“ನಂಗೊತ್ತಿಲ್ಲ ಕಣಪ್ಪ,” ಅಂದ.

“ಅಮ್ಮಣ್ಣಿ ಅಲ್ಲೇ ಇದ್ರು,” ಅಂದರು ಆಚಾರಿ. ಅವರಿಗೆ ಇನ್ನೂ ಭಯವಾಗಿರಲಿಲ್ಲ. ನಾನು ಇದ್ದೆನಲ್ಲ.

“ನಿಂಗೇನಾರ ಗೊತ್ತೇನವ್ವ?” ಅಂದ ಅಪ್ಪ.

ಗೊತ್ತು ಎಂದರೆ ಅಪ್ಪ ತಪ್ಪು ಸಾಮಾನು ತಂದದ್ದು ಕಿಟಕಿಯಲ್ಲಿ ನಿಂತು ಆಟ ನೋಡಿದ ಊರಿಗೆಲ್ಲ ಗೊತ್ತಾಗುತ್ತದೆ, ಅಣ್ಣನಿಗೆ ಹಗ್ಗದೇಟು ಬೀಳುತ್ತದೆ, ಮಿಷನ್ನು ತಿಪ್ಪೆಗೆ ಹೋಗುತ್ತದೆ, ಅದರ ಹಿಂದೆ ನನ್ನ ಮೈಸೂರು. ಇಷ್ಟೂ ಲೆಕ್ಕ ಹಾಕಲು ನನಗೆ ಒಂದು ಉಸಿರಿನ ಹೊತ್ತೂ ಬೇಕಾಗಲಿಲ್ಲ. ಓದಿನಲ್ಲಿ ನಾನು ಚುರುಕು.

“ಇಲ್ಲ,” ಅಂದೆ.

ಅಪ್ಪ ಹೊಡೆದ. ಹಗ್ಗದಿಂದಲ್ಲ, ಕೈಯಿಂದ, ಕೆನ್ನೆಗೆ. ಅಜ್ಜಿ ಅವರ ಚೀಲ ಕೊಡವಿದಳು, ಅಂಗಿ ಬಿಚ್ಚಿಸಿದಳು, ಪಂಚೆಯ ಮಡಿಕೆಯನ್ನೂ ಬಿಡಿಸಿ ನೋಡಿಸಿದಳು. ಜನಿವಾರ ಹಾಕಿದ ಬರಿಮೈಯಲ್ಲಿ ಆ ಮನುಷ್ಯ ಎರಡು ಕೈಯನ್ನೂ ಎದೆಗೆ ಅಡ್ಡ ಹಿಡಿದು ನಿಂತಿದ್ದರು. ತಕ್ಕಡಿಯನ್ನು ಅಪ್ಪ ಕಿತ್ತಿಟ್ಟುಕೊಂಡ. ತೂಕ ತಂದು ಕೊಟ್ಟು ತಕ್ಕಡಿ ತಗೊಂಡು ಹೋಗು ಅಂದ. ಇಷ್ಟಕ್ಕೆ ಮುಗಿಯಲಿಲ್ಲ. ಬಿಚ್ಚಿದ ಸಾಮಾನು ಜಗಲಿಯಲ್ಲಿ ಹರಡಿತ್ತಲ್ಲ.

“ಮೊದ್ಲು ಇದ್ನ ಎಂಗಿತ್ತೋ ಅಂಗೆ ಜೋಡ್ಸುಬುಟ್ಟು ಓಗ್ಲಾ,” ಅಂದ ಅಪ್ಪ. “ಉಡುಗ ಆಡ್ಬೇಕು.”

ಆಚಾರಿ ಕೂತು ಜೋಡಿಸಿದರು. ಬೇರೆ ಯಾರಾದರೂ ಆಗಿದ್ದರೆ ಒಂದು ಕಾಲು ಮುರಿದೋ, ಒಂದು ವೈರು ತಪ್ಪಿಸಿಯೋ ಸೇಡು ತೀರಿಸಿಕೊಳ್ಳುತ್ತಿದ್ದರು. ಇವರು ಒಂದು ಗಂಟೆ ತೆಗೆದುಕೊಂಡರು. ಕೆನ್ನೆ ಊದಿತ್ತು. ಒಂದು ಕಾಲೂ ಬಾಗದಂತೆ ಚಿಪ್ಪನ್ನು ಬಾಯಿಗೆ ಇಳಿಸಿದರು. ಸ್ವಿಚ್ಚು ಹಾಕಿ, ಬೆಳಕು ಬರುವುದನ್ನು ನೋಡಿ, ಪರದೆಯ ಮೇಲಿದ್ದ ತಮ್ಮ ಬೆರಳ ಗುರುತನ್ನು ಒರೆಸಿ, ಅಂಗಿ ಹೆಗಲ ಮೇಲೆ ಹಾಕಿಕೊಂಡು ಹೋದರು. ಅವರು ಬೀದಿ ದಾಟುವ ಮುಂಚೆಯೇ ಒಳಗೆ ಕಾರಿನ ಸದ್ದು ಶುರುವಾಯಿತು.

ಆ ಸಂಜೆ ನಾನು ಚೀಟಿಯನ್ನು ಬಚ್ಚಲ ಒಲೆಗೆ ಹಾಕಿದೆ. ಯಾರೂ ನನಗೆ ಹಾಕು ಎನ್ನಲಿಲ್ಲ.

ಎಂಟನೆಯ ದಿನ ಆಚಾರಿ ಹೆಂಡತಿಯ ಜೊತೆ ಬಂದರು. ಮಂಗಳಮ್ಮನನ್ನು ನಾನು ಕಂಡದ್ದು ಅದೇ ಮೊದಲು. ಕತ್ತಿನಲ್ಲಿ ಅರಿಶಿನದ ದಾರ ಬಿಟ್ಟು ಏನೂ ಇರಲಿಲ್ಲ. ಸ್ವಂತ ಒಡವೆ ಮಾರಿ, ಅದೇ ಅಂಗಡಿಯಿಂದ ಅಂಥದೇ ಇಟ್ಟಿಗೆ ಕೊಂಡು ತಂದಿದ್ದರು. ಅಜ್ಜಿ ತೂಗಿಸಿದಳು. ಮೂವತ್ತು ತೊಲ ಸರಿಯಾಗಿ ಬಂತು.

“ನಾನ್ ತಕ್ಕಂಡಿಲ್ಲ ಗೌಡ್ರೇ. ನಮ್ ಎಸ್ರು ಉಳೀಲಿ ಅಂತ ತಂದಿವ್ನಿ. ಅಷ್ಟೇಯಾ.”

ಅಪ್ಪ ತಕ್ಕಡಿಯನ್ನು ಅವರ ಕಡೆ ನೂಕಿ, ಜಗಲಿಯಲ್ಲಿ ಕೂತ ನೆಂಟರ ಕಡೆ ತಿರುಗಿ ನಕ್ಕ. “ಕದೀದೇ ಇರೋನು ಯಾಕ್ಲಾ ವಾಪಸ್ ತಂದ್ಕೊಡ್ತಾನೆ?”

ಊರಿಗೆ ಅಷ್ಟು ಸಾಕಾಯಿತು. ಅಜ್ಜಿಯ ಬಾಯಲ್ಲಿ ಹೊರಟ ಹದಿನಾಲ್ಕು ತೊಲ ಬೂಕನಕೆರೆಯ ಸಂತೆ ತಲುಪುವಷ್ಟರಲ್ಲಿ ಹದಿನಾಲ್ಕು ತೊಲ ಚಿನ್ನವಾಗಿತ್ತು. ಕೆಂಪಣ್ಣನ ಮನೆಯ ಚಿನ್ನ ಆಚಾರಿ ಹೊಡೆದನಂತೆ, ಹಿಡಿದು ಬಾರಿಸಿದ್ದಕ್ಕೆ ತಂದು ಕೊಟ್ಟನಂತೆ. ಕಂಪ್ಯೂಟರಿನ ಮಾತು ದಾರಿಯಲ್ಲೇ ಉದುರಿಹೋಗಿತ್ತು. ಹದಿಮೂರು ಮನೆಗಳೂ ಒಂದೊಂದಾಗಿ ಬಾಗಿಲು ಹಾಕಿದವು. ಟೀವಿ ರಿಪೇರಿಗೂ ಯಾರೂ ಕರೆಯಲಿಲ್ಲ, ಒಳಗಿನ ಸಾಮಾನು ಕದಿಯುತ್ತಾನೆ ಎಂದು.

ಮುಂದಿನ ಬೇಸಿಗೆಯಲ್ಲಿ, ಮೊದಲ ಮಳೆಯ ಸಿಡಿಲಿಗೆ ಸಂತೋಷನ ಪರದೆ ಕಪ್ಪಾಯಿತು. ಮೈಸೂರಿನಿಂದ ರಘುನಂದನ್ ಎಂಬ ಹುಡುಗ ಬೈಕಿನಲ್ಲಿ ಬಂದ, ಇಂಜಿನಿಯರು. ಡಬ್ಬಿ ಬಿಚ್ಚಿದವನು ಸ್ವಲ್ಪ ಹೊತ್ತು ಒಳಗೆ ನೋಡುತ್ತಲೇ ಇದ್ದ. “ಯಾರು ಸಾರ್ ಜೋಡಿಸಿದ್ದು? ಒಂದು ವೈರೂ ಅಡ್ಡ ಬಂದಿಲ್ಲ. ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದಿಸಿದ್ದಾರೆ!” ಅಂದ. ಕೆಟ್ಟಿದ್ದು ಕರೆಂಟಿನ ಡಬ್ಬಿ ಮಾತ್ರ.

ಅಪ್ಪ ಬೀರುವಿನಿಂದ ಇಟ್ಟಿಗೆ ತಂದು ತೋರಿಸಿದ. “ಇದ್ನ ಆಕೋದ್ ಬುಟ್ಟು ಆ ಚಿಲ್ರೇದ್ನ ಆಕವ್ನೆ ಕಣಪ್ಪ ಕಳ್ ನನ್ಮಗ.”

ರಘುನಂದನ್ ನಕ್ಕ. “ಅಯ್ಯೋ, ಇದು ಈ ಬೋರ್ಡಿಗೆ ಕೂರೋದೇ ಇಲ್ಲ ಗೌಡ್ರೇ. ಯಾರೋ ಗೊತ್ತಿಲ್ಲದೋರು ತಂದಿರಬೇಕು. ಬದಲಾಯಿಸದೆ ಇದ್ದಿದ್ರೆ ನಿಮ್ಮ ಮಿಷನ್ನು ಒಂದು ದಿನಾನೂ ಓಡ್ತಿರಲಿಲ್ಲ. ಇದರ ದುಡ್ಡಿಗೆ ಸರಿಯಾಗಿ ಚಿಪ್ಪೂ ಆಟದ ಕಾರ್ಡೂ ಬಂದಿದೆ ನೋಡಿ.”

ಅಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಳು. ಸಂತೋಷ ನೆಲ ನೋಡಿದ. ಎಲ್ಲರಿಗೂ ಅರ್ಥವಾಯಿತು, ಯಾರಿಗೂ ಅರ್ಥವಾಗಲಿಲ್ಲ ಎನ್ನುವಂತಿಲ್ಲ. ಆ ಹುಡುಗ ಕೈ ತೊಳೆಯಲು ಹೋದಾಗ ಅಜ್ಜಿ ಮೆಲ್ಲಗೆ, “ಅಂಗಾರೆ ಈಗ ನಾವೋಗಿ ಆಚಾರಿ ಕಾಲ್ ಇಡ್ಕಬೇಕಾ?” ಅಂದಳು.

“ಯಾರೂ ಎಲ್ಲೂ ಬಾಯ್ ಬುಡಂಗಿಲ್ಲ,” ಅಂದ ಅಪ್ಪ. ರಘುನಂದನ್ ವಾಪಸ್ಸು ಬಂದಾಗ ಇಟ್ಟಿಗೆಯನ್ನು ಅವನ ಕೈಗೆ ಕೊಟ್ಟು, “ಸುಮ್ಕೆ ಯಾಕ್ ಕೊಳೀಬೇಕು, ಇದ್ಕೆ ಒಪ್ಪೋ ಬೋರ್ಡ್ ಒಂದು ತಂದು ಇನ್ನೊಂದ್ ಮಿಸಿನ್ ಮಾಡ್ಕೊಟ್ಬುಡಪ್ಪ. ಮಗ್ಳು ಮೈಸೂರ್ಗೆ ಓದಾಕೋಯ್ತಾವ್ಳೆ,” ಅಂದ. ನನ್ನ ಮೈಸೂರು ಹಾಗೆ ನಿಶ್ಚಯವಾಯಿತು. ಮಂಗಳಮ್ಮನ ಒಡವೆಯಲ್ಲಿ ನನಗೆ ಕಂಪ್ಯೂಟರು ಬಂತು. ನನಗೆ ಖುಷಿಯಾಯಿತು ಎಂದರೆ ನೀವು ನಂಬಬೇಕು, ಕುಣಿಯುವಷ್ಟು ಖುಷಿಯಾಯಿತು.

ಖುಷಿ ಮೂರು ದಿನವಿತ್ತು. ಆಮೇಲೆ ಊಟ ಸೇರಲಿಲ್ಲ. ಕಾಲೇಜಿನ ಅರ್ಜಿ ತರುತ್ತೇನೆಂದು ಸುಳ್ಳು ಹೇಳಿ ಕೆ.ಆರ್. ಪೇಟೆಗೆ ಹೋದೆ. ಆಚಾರಿಯ ಮನೆಯಲ್ಲಿ ಬೇರೆ ಯಾರೋ ಇದ್ದರು. ಪಕ್ಕದ ಮನೆಯ ಪಾರ್ವತಮ್ಮ, “ಪಟ್ಣದಲ್ಲವ್ರೆ, ಪಶ್ಚಿಮವಾಹಿನೀಲಿ ಬೂದಿ ಜಾಲುಸ್ತಾವ್ರೆ,” ಎಂದು ಬಾಗಿಲು ಹಾಕಿಕೊಂಡಳು.

ಅಲ್ಲಿಂದಲೇ ಬಸ್ಸು ಹತ್ತಿದೆ. ಶ್ರೀರಂಗಪಟ್ಟಣದ ಆ ಹೊಳೆಗೆ ಜನ ಸತ್ತವರ ಬೂದಿ ಬಿಡಲು ಬರುತ್ತಾರೆ. ಬೂದಿಯ ಜೊತೆ ಸತ್ತವರ ಬಾಯಿಗಿಟ್ಟ ಚಿನ್ನದ ಚೂರು, ಬೆಳ್ಳಿ, ಕಾಸು ನೀರಿಗೆ ಬೀಳುತ್ತವೆ. ಆಚಾರಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ತಳದ ಮರಳನ್ನು ಬಾಂಡ್ಲಿಯಲ್ಲಿ ಎತ್ತಿ, ತೊಳೆದು, ಅದನ್ನು ಹುಡುಕುತ್ತಿದ್ದರು. ಬೆರಳ ಸಂದೆಲ್ಲ ನೀರಿಗೆ ಕೊಳೆತು ಬೆಳ್ಳಗಾಗಿತ್ತು. ನನ್ನನ್ನು ಕಂಡು ಗಾಬರಿಯಿಂದ ಮೆಟ್ಟಿಲಿಗೆ ಬಂದರು.

“ಅಮ್ಮಣ್ಣಿ! ಮನೇಲಿ ಯಾರಾರ ಓಗ್ಬುಟ್ರಾ?”

ಯಾರೂ ಹೋಗಿಲ್ಲ ಎಂದೆ. ರಘುನಂದನ್ ಬಂದದ್ದು, ಹೇಳಿದ್ದು, ಎಲ್ಲ ಹೇಳಿದೆ. ಚೀಟಿ ಸುಟ್ಟದ್ದನ್ನು ಮಾತ್ರ ಹೇಳಲಿಲ್ಲ. ದಡದಲ್ಲಿ ಕೂತಿದ್ದ ಮಂಗಳಮ್ಮ ಎದ್ದು ಹತ್ತಿರ ಬಂದಳು.

“ಗೌಡ್ರು ಒಪ್ಕಂಡ್ರಾ? ಯಾರ್ ಮುಂದೆ?” ಆಚಾರಿಯ ಮುಖ ಅರಳಿತ್ತು. ಅಷ್ಟು ಸಣ್ಣ ಸುದ್ದಿಗೆ ಅಷ್ಟು ಅರಳಿದ ಮುಖವನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

“ನಮ್ಮನೇಲಿ,” ಅಂದೆ.

ಅವರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು. “ಗೌಡ್ರು ಬರೋದ್ ಬ್ಯಾಡ ಅಮ್ಮಣ್ಣಿ, ದೊಡ್ಡೋರು. ನೀವೊಬ್ರು ಬೂಕನಕೆರೆ ಸಂತೇಲಿ ನಿಂತ್ಕಂಡು, ‘ಆಚಾರಿ ತಕ್ಕಂಡಿಲ್ಲ’ ಅಂತ ಒಂದ್ ಮಾತು ಅಂದ್ಬುಡಿ. ನಮ್ ಗಿರಾಕಿಗಳೆಲ್ಲ ಅಲ್ಗೆ ಬತ್ತಾರೆ. ಕೂಲಿ ಬ್ಯಾಡ, ಇಟ್ಗೆ ಕಾಸೂ ಬ್ಯಾಡ. ಆ ಒಂದ್ ಮಾತ್ ಸಾಕು.”

“ದಿಟವಾಗ್ಲೂ ಬತ್ತೀರಾ ಅಮ್ಮಣ್ಣಿ?” ಅಂದಳು ಮಂಗಳಮ್ಮ.

“ಬರೋ ಸಂತೆಗೇ ಬತ್ತೀನಿ,” ಅಂದೆ. ಆಗ ನನ್ನ ಮನಸ್ಸಿನಲ್ಲಿ ಸುಳ್ಳಿರಲಿಲ್ಲ.

ಸಂತೆಯ ದಿನವೇ ಕಾಲೇಜಿಗೆ ದುಡ್ಡು ಕಟ್ಟುವ ಕೊನೆಯ ದಿನವಾಗಿತ್ತು. ಬೆಳಿಗ್ಗೆ ಅಪ್ಪ ಜೀಪು ತೆಗೆದು ‘ಒಲ್ಡವ್ವ’ ಎಂದು ಕೂಗಿದ. ಅಪ್ಪನ ಎದುರು ಸಂತೆಯ ಹೆಸರೆತ್ತಲು ನನಗೆ ಧೈರ್ಯ ಬರಲಿಲ್ಲ. ಮುಂದಿನ ವಾರ ಹೋದರಾಯಿತು ಎಂದು ಜೀಪು ಹತ್ತಿದೆ. ಮುಂದಿನ ವಾರ ತರಗತಿ ಶುರುವಾಯಿತು.

ದಸರಾ ರಜೆಗೆ ಮನೆಗೆ ಬಂದಾಗ ಅಜ್ಜಿ ಬಡಿಸುತ್ತ, ನಗುತ್ತ ಕತೆ ಹೇಳಿದಳು. “ಆ ಆಚಾರಿ ಗಂಡೆಂಡ್ರಿಗೆ ತಲೆ ಕೆಟ್ಟೋಗದೆ ಕಣವ್ವ. ಒಗ್ದಿದ್ ಬಟ್ಟೆ ಉಟ್ಕಂಡು ಸಂತೆ ಮಾಳದಲ್ಲಿ ಬೆಳಗಿಂದ ನಿಂತಿದ್ರಂತೆ. ಯಾಕ್ಲಾ ಅಂದ್ರೆ, ಕೆಂಪಣ್ಣನೋರ ಮಗಳು ಬತ್ತಾವ್ರೆ, ವಸಿ ನಿಂತ್ಕಳಿ, ಒಂದ್ ಮಾತು ಏಳ್ತಾರೆ ಅಂತ ಓಗಿ ಬರೋರ್ನೆಲ್ಲ ತಡೀತಿದ್ನಂತೆ. ಜನ ಕೂತ್ಕಂಡು ನಗ್ತಿದ್ರಂತೆ. ಅಂಗಡಿ ಎತ್ತಿ ಕಸ ಗುಡ್ಸೋಗಂಟ ನಿಂತಿದ್ರಂತೆ.”

ಎರಡನೆಯ ಸಂತೆಗೂ ಬಂದಿದ್ದರಂತೆ. ಮೂರನೆಯದಕ್ಕೆ ಆಚಾರಿ ಬರಲಿಲ್ಲವಂತೆ, ‘ಆ ಉಡ್ಗಿ ಬರಾಕಿಲ್ಲ ಬುಡು’ ಅಂದರಂತೆ. ಮಂಗಳಮ್ಮ ಒಬ್ಬಳೇ ಬಂದು, ಮೈಸೂರು ಬಸ್ಸು ನಿಲ್ಲುವ ಕಡೆಗೆ ಮುಖ ಮಾಡಿ ಸಂಜೆಯವರೆಗೆ ನಿಂತಿದ್ದಳಂತೆ.